ಯಾರಾದರೂ ಬಳಸುತ್ತಿದ್ದೀರಾ?

2012ರ ಡಿಸೆಂಬರಿನಲ್ಲಿ ಲಿನಕ್ಸ್ ಕರ್ನಲ್‌ನಿಂದ ಕೆಲವು ನೂರು ಸಾಲು ಕೋಡನ್ನು ತೆಗೆದುಹಾಕಿದರು. ಇಂಟೆಲ್ ಕಂಪನಿ 1985ರಲ್ಲಿ ಹೊರತಂದ 386 ಎಂಬ ಪ್ರೊಸೆಸರಿಗಾಗಿ ಇದ್ದ ಸಾಲುಗಳವು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯಲು ಕುಳಿತದ್ದು ಅದೇ 386 ಇದ್ದ ಕಂಪ್ಯೂಟರಿನ ಮುಂದೆ. ಅಂದರೆ ಲಿನಕ್ಸ್ ತಾನು ಹುಟ್ಟಿದ ಮನೆಗೇ ಬೀಗ ಹಾಕಿತು. ಬದಲಾವಣೆಯನ್ನು ಕಳಿಸಿದ ಇಂಗೊ ಮೊಲ್ನಾರ್, ಇನ್ನು ಮುಂದೆ ಲಿನಸ್ ಅವರ ಆ ಹಳೆಯ ಯಂತ್ರದಲ್ಲಿ ಹೊಸ ಲಿನಕ್ಸ್ ಓಡುವುದಿಲ್ಲ ಎಂದು ಜೊತೆಗೇ ಬರೆದಿದ್ದರು. ತಮಗೆ ಅಂಥ ಭಾವುಕತೆಯೇನೂ ಇಲ್ಲ ಎಂದು ಹೇಳಿ ಲಿನಸ್ ಅದನ್ನು ಸ್ವೀಕರಿಸಿದರು.

ಒಂದು ಕೃತಿ ಹೇಗೆ ಬೆಳೆಯಿತು ಎಂದು ನಾವು ಸಾಮಾನ್ಯವಾಗಿ ಕೇಳುತ್ತೇವೆ. ಅದರಿಂದ ಏನನ್ನು, ಯಾರು, ಯಾವ ಆಧಾರದ ಮೇಲೆ ಕೈಬಿಟ್ಟರು ಎಂದು ಕೇಳುವುದು ಕಡಿಮೆ. ತಂತ್ರಾಂಶದ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆನಿಸಿದೆ.

ಮೊದಲು ಎರಡು ಮಾತಿನ ಪರಿಚಯ. ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ತಿರುಳೇ ಕರ್ನಲ್. ಪ್ರಿಂಟರ್, ಡಿಸ್ಕ್, ಕೀಬೋರ್ಡ್ ಹೀಗೆ ಒಂದೊಂದು ಸಾಧನದ ಭಾಷೆಯನ್ನು ಬಲ್ಲ ದುಭಾಷಿ ಕರ್ನಲ್‌ಗೆ ಬೇಕು. ಆ ದುಭಾಷಿಯೇ ಡ್ರೈವರ್. 1991ರ ಮೊದಲ ಲಿನಕ್ಸ್ ಸುಮಾರು 10 ಸಾವಿರ ಸಾಲುಗಳದ್ದು. ಇಂದು ಅದು ಎರಡೂವರೆ ಕೋಟಿ ಸಾಲುಗಳನ್ನು ಮೀರಿದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಡ್ರೈವರ್‌ಗಳದ್ದೇ. ಸಾಧನಗಳು ಅಂಗಡಿಯಿಂದ ಮಾಯವಾಗುತ್ತವೆ, ದುಭಾಷಿಗಳು ಮಾತ್ರ ಅಲ್ಲೇ ಕೂತಿರುತ್ತವೆ.

ಕೂತಿದ್ದರೆ ಇರಲಿ ಬಿಡಿ, ಅನ್ನ ಕೇಳುತ್ತವೆಯೇ ಎನ್ನಬಹುದು. ನಮ್ಮ ಅಟ್ಟದ ಮೇಲಿನ ತಾಮ್ರದ ಹಂಡೆ ಏನೂ ಕೇಳುವುದಿಲ್ಲ ನಿಜ. ಆದರೆ ಕೋಡ್ ಕೇಳುತ್ತದೆ. ಕರ್ನಲ್‌ನ ಒಳಗಿನ ಒಂದು ವ್ಯವಸ್ಥೆ ಬದಲಾದರೆ, ಅದನ್ನು ನೆಚ್ಚಿಕೊಂಡ ಪ್ರತಿ ಡ್ರೈವರನ್ನೂ ತಿದ್ದಬೇಕು. ತಿದ್ದುವವರ ಬಳಿ ಆ ಹಳೆಯ ಸಾಧನ ಇರುವುದಿಲ್ಲ. ಹಾಗಾಗಿ ತಿದ್ದಿದ್ದು ಸರಿಯಾಯಿತೇ ಎಂದು ಓಡಿಸಿ ನೋಡುವಂತಿಲ್ಲ. 386ರ ತೊಂದರೆಯೂ ಇದೇ ಜಾತಿಯದು. ಹಲವು ಪ್ರೊಸೆಸರ್‌ಗಳು ಒಟ್ಟಿಗೆ ಕೆಲಸ ಮಾಡುವಾಗ ಒಂದರ ಕೈಗೆ ಇನ್ನೊಂದು ಅಡ್ಡ ಬರದಂತೆ ನೋಡಿಕೊಳ್ಳಲು ಬೇಕಾದ ಒಂದು ಸೂಚನೆ 486ರಲ್ಲಿತ್ತು, 386ರಲ್ಲಿ ಇರಲಿಲ್ಲ. ಅದೊಂದಕ್ಕಾಗಿ ಬೇರೆ ದಾರಿ ಕಾಯ್ದುಕೊಂಡು ಬರುವ ಕೆಲಸ ವರ್ಷಗಟ್ಟಲೆ ಎಲ್ಲರ ಮೇಲೂ ಬಿದ್ದಿತ್ತು.

ಇನ್ನೊಂದು ಅಪಾಯ ಮತ್ತಷ್ಟು ಗಂಭೀರ. ಹಳೆಯ ಸೀರಿಯಲ್ ಸಂಪರ್ಕಗಳಲ್ಲಿ ದತ್ತಾಂಶ ಸಾಗಿಸಲು ಎನ್-ಎಚ್‌ಡಿಎಲ್‌ಸಿ ಎಂಬ ಡ್ರೈವರ್ ಇದೆ. ಅದರ ಹೆಸರನ್ನೂ ಕೇಳದ ಲಕ್ಷಾಂತರ ಕಂಪ್ಯೂಟರ್‌ಗಳಲ್ಲಿ ಅದು ಇತ್ತು. 2009ರಲ್ಲಿ ಅದರೊಳಗೆ ಒಂದು ದೋಷ ಸೇರಿಕೊಂಡಿತು, ಅದು ಬೆಳಕಿಗೆ ಬಂದದ್ದು 2017ರಲ್ಲಿ. ಯಾವ ವಿಶೇಷ ಅಧಿಕಾರವೂ ಇಲ್ಲದ ಬಳಕೆದಾರ ಮಲಗಿದ್ದ ಆ ಡ್ರೈವರನ್ನು ಎಬ್ಬಿಸಿ, ಆ ದೋಷದ ಮೂಲಕ ಇಡೀ ಯಂತ್ರದ ಒಡೆತನವನ್ನೇ ಪಡೆಯಬಹುದಿತ್ತು. ಯಾರೂ ಬಳಸದ ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿದ್ದರೆ ಮನೆಯವರಿಗೆ ಗೊತ್ತಾಗುವುದೇ ಇಲ್ಲ.

ಹಾಗಾದರೆ ಬಳಕೆಯಲ್ಲಿಲ್ಲದ್ದನ್ನೆಲ್ಲ ಅಳಿಸಿಬಿಡಬಹುದಲ್ಲ? ಕಷ್ಟ ಇರುವುದೇ ಇಲ್ಲಿ. ಯಾವ ಡ್ರೈವರನ್ನು ಎಷ್ಟು ಜನ ಬಳಸುತ್ತಿದ್ದಾರೆಂದು ಕರ್ನಲ್ ಲೆಕ್ಕ ಇಡುವುದಿಲ್ಲ, ಯಾರಿಗೂ ವರದಿ ಕಳಿಸುವುದಿಲ್ಲ. ಉಳಿದಿರುವ ದಾರಿ ಡಂಗುರ ಸಾರುವುದು: ಇದನ್ನು ಯಾರಾದರೂ ಬಳಸುತ್ತಿದ್ದೀರಾ? ಉತ್ತರ ಬಾರದಿದ್ದರೆ ಬಳಸುವವರಿಲ್ಲ ಎಂದು ತಿಳಿಯುತ್ತಾರೆ. ಆದರೆ ಎಲ್ಲೋ ಒಂದು ಕಾರ್ಖಾನೆಯ ಮೂಲೆಯಲ್ಲಿ ಹದಿನೈದು ವರ್ಷಗಳಿಂದ ತಕರಾರಿಲ್ಲದೆ ಓಡುತ್ತಿರುವ ಯಂತ್ರದ ಯಜಮಾನನಿಗೆ ಡಂಗುರ ಕೇಳಿಸಿರಬೇಕಲ್ಲ? ಚೆನ್ನಾಗಿ ನಡೆಯುವುದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮೌನಕ್ಕೆ ಎರಡೂ ಅರ್ಥವುಂಟು.

ಈ ಮೌನವನ್ನು ಓದುವುದಕ್ಕೆ ಬೇಕಾದ ತಾಳ್ಮೆ ಕೆಲವು ಪ್ರಸಂಗಗಳಲ್ಲಿ ಕಾಣುತ್ತದೆ. 2018ರಲ್ಲಿ ಆರ್ನ್ಡ್ ಬರ್ಗ್‌ಮನ್ ಎಂಟು ಬಗೆಯ ಪ್ರೊಸೆಸರ್‌ಗಳಿಗೆ ಇದ್ದ ಬೆಂಬಲವನ್ನು ಒಟ್ಟಿಗೆ ತೆಗೆದರು. ಅವುಗಳಿಗಷ್ಟೇ ಬೇಕಿದ್ದ ಡ್ರೈವರ್‌ಗಳೂ ಸೇರಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸಾಲು ಹೋಯಿತು. ಹಳೆಯ ಐಡಿಇ ಹಾರ್ಡ್ ಡಿಸ್ಕ್ ಡ್ರೈವರ್‌ಗಳ ಕತೆ ಇನ್ನೂ ನಿಧಾನದ್ದು. ಅವುಗಳ ಜಾಗಕ್ಕೆ ಲಿಬ್‌ಅಟಾ ಎಂಬ ಹೊಸ ವ್ಯವಸ್ಥೆ ಬಂದದ್ದು 2003ರಲ್ಲಿ. ಹಳೆಯದು ಹೊರಗೆ ಹೋದದ್ದು 2021ರಲ್ಲಿ. ನಡುವೆ ಅಟಾರಿ, ಅಮಿಗಾದಂಥ 1980ರ ದಶಕದ ಸಂತತಿಯ ಯಂತ್ರಗಳನ್ನು ಪ್ರೀತಿಯಿಂದ ನಡೆಸುತ್ತಿದ್ದವರಿದ್ದರು. ಅವರ ಡಿಸ್ಕ್‌ಗಳಿಗೂ ಹೊಸ ವ್ಯವಸ್ಥೆಯಲ್ಲಿ ಜಾಗವಾಗಬೇಕಿತ್ತು.

ಫ್ಲಾಪಿಯದು ಇದಕ್ಕೆ ತಿರುಗಾದ ಕತೆ. 2019ರ ಹೊತ್ತಿಗೆ ಫ್ಲಾಪಿ ಡ್ರೈವರನ್ನು ನೋಡಿಕೊಳ್ಳುತ್ತಿದ್ದವರ ಬಳಿಯೇ ಕೆಲಸ ಮಾಡುವ ಫ್ಲಾಪಿ ಸಾಧನ ಉಳಿದಿರಲಿಲ್ಲ. ಲಿನಸ್ ಅದನ್ನು ‘ಅನಾಥ’ ಎಂದು ದಾಖಲಿಸಿದರು. ಕರ್ನಲ್‌ನ ಕಡತದಲ್ಲಿ ನಿಜಕ್ಕೂ ಬಳಸುವ ಪದವೇ ಅದು. ಇನ್ನೇನು ಅಳಿಸಿಬಿಡುತ್ತಾರೆ ಎನ್ನುವಷ್ಟರಲ್ಲಿ ಡೆನಿಸ್ ಎಫ್ರೆಮೊವ್ ಎಂಬವರು ಅದರ ಹೊಣೆ ಹೊತ್ತರು, ಒಳಗನ್ನು ಗುಡಿಸಿ ಒಪ್ಪ ಮಾಡಿದರು. ಡ್ರೈವರ್ ಉಳಿಯಿತು. ಅದು ಉಳಿಯಲು ಇನ್ನೊಂದು ಕಾರಣವೂ ಇತ್ತು. ಮೇಜಿನ ಮೇಲಿಂದ ಫ್ಲಾಪಿ ಮಾಯವಾದ ಮೇಲೂ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಕಲ್ಪಿಸಿ ಓಡಿಸುವ ವರ್ಚುವಲ್ ಯಂತ್ರಗಳು ಫ್ಲಾಪಿಯನ್ನು ನಟಿಸುತ್ತಲೇ ಇದ್ದವು. ವಸ್ತು ಸತ್ತರೂ ಅದರ ಭಾಷೆ ಬದುಕಿತ್ತು.

ಅಳಿಸಿದ್ದು ಪೂರ್ತಿ ನಾಶವಾಗುವುದಿಲ್ಲ ಎಂಬುದು ಈ ಕೆಲಸದ ದೊಡ್ಡ ಸಮಾಧಾನ. 2005ರ ಏಪ್ರಿಲಿನಿಂದ ಕರ್ನಲ್‌ನ ಪ್ರತಿ ಬದಲಾವಣೆಯೂ ಗಿಟ್ ಎಂಬ ವ್ಯವಸ್ಥೆಯಲ್ಲಿ ದಾಖಲಾಗುತ್ತಿದೆ. ತೆಗೆದ ಸಾಲು, ತೆಗೆದವರ ಹೆಸರು, ದಿನಾಂಕ, ಕಾರಣ ಎಲ್ಲವೂ ಅಲ್ಲಿವೆ. ನಮ್ಮ ಗ್ರಂಥಸಂಪಾದಕರು ಹಸ್ತಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಆರಿಸಿ, ಬಿಟ್ಟದ್ದನ್ನು ಪುಟದ ಅಡಿಯಲ್ಲಿ ಪಾಠಾಂತರವಾಗಿ ಕೊಡುವುದು ನೆನಪಾಗುತ್ತದೆ. ನಾಳೆಯ ಓದುಗ ಸಂಪಾದಕನ ತೀರ್ಮಾನವನ್ನು ಪ್ರಶ್ನಿಸಲು ಆಧಾರ ಉಳಿದಿರಬೇಕು ಎಂಬ ಪ್ರಾಮಾಣಿಕತೆ ಎರಡೂ ಕಡೆ ಒಂದೇ.

ಆದರೆ ಹೋಲಿಕೆಗೆ ಒಂದು ಮಿತಿಯಿದೆ. ಪಾಠಾಂತರವನ್ನು ನೂರು ವರ್ಷದ ನಂತರವೂ ಹಾಗೆಯೇ ಓದಬಹುದು. ಅಳಿಸಿದ ಡ್ರೈವರನ್ನು ಹತ್ತು ವರ್ಷದ ನಂತರ ತಂದು ಕೂರಿಸಿದರೆ ಅದು ಓಡುವುದಿಲ್ಲ. ಅಷ್ಟರಲ್ಲಿ ಸುತ್ತಲಿನ ಕರ್ನಲ್ ಬೇರೆಯೇ ಆಗಿರುತ್ತದೆ. ಆದ್ದರಿಂದ ದಾಖಲೆ ಇದೆಯೆಂಬ ಧೈರ್ಯದಿಂದ ಕೈಗೆ ಸಿಕ್ಕಿದ್ದನ್ನು ಅಳಿಸುವಂತಿಲ್ಲ. ಯಾರಾದರೂ ಇದ್ದೀರಾ ಎಂದು ಕೇಳಬೇಕು, ಕಾಯಬೇಕು, ಒಬ್ಬರೇ ಆದರೂ ಕೈ ಎತ್ತಿದರೆ ಅವರ ಮಾತನ್ನು ಕೇಳಿಸಿಕೊಳ್ಳಬೇಕು. ‘ಬಳಕೆಯಲ್ಲಿಲ್ಲ’ ಎನ್ನುವಾಗ ನಾವು ನಿಜವಾಗಿ ಹೇಳುತ್ತಿರುವುದು ಮನುಷ್ಯರ ಬಗ್ಗೆ.

386ರ ವಿಷಯದಲ್ಲೂ ಬಾಗಿಲು ಒಮ್ಮೆಗೇ ಮುಚ್ಚಲಿಲ್ಲ. ಆ ಪ್ರೊಸೆಸರನ್ನು ಕೈಬಿಟ್ಟ 3.8 ಆವೃತ್ತಿ 2013ರ ಫೆಬ್ರುವರಿಯಲ್ಲಿ ಬಂತು. ಅದಕ್ಕೂ ಹಿಂದಿನ, 386ರಲ್ಲಿ ಓಡಬಲ್ಲ 3.2 ಆವೃತ್ತಿಗೆ 2018ರವರೆಗೂ ತಿದ್ದುಪಡಿಗಳು ಬರುತ್ತಲೇ ಇದ್ದವು. ಎಲ್ಲೋ ಒಬ್ಬರ ಮನೆಯಲ್ಲಿ ಅಂಥದೊಂದು ಯಂತ್ರ ಇನ್ನೂ ಗುಂಯ್‌ಗುಡುತ್ತಿದ್ದಿದ್ದರೆ, ಅವರಿಗೆ ಐದು ವರ್ಷಗಳ ವಾಯಿದೆ ಸಿಕ್ಕಿತ್ತು.