ಅವ್ವನ ಕಡಿಂದ ಬಂದ ಎಳಿ

ನಮ್ಮೂರಿಗೆ ಹೆಳವರು ಎತ್ತಿನ ಮ್ಯಾಲೆ ಕುಂತು ಬಂದು ಮನೆತನ ಹೇಳತಿದ್ರು, ನೆನಪೈತಲ್ಲ? ಬರೇ ಗಂಡಸರ ಹೆಸರು. ನಮ್ಮವ್ವನ ಅವ್ವನ ತಾಯಿ ಯಾರು ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಆದ್ರ ಆಕಿ ಗುರುತು ನನ್ನ ಮೈಯಾಗ ಐತಿ. ಮೈಟೊಕಾಂಡ್ರಿಯಾದ ಡಿಎನ್‌ಎ ಅನ್ನೋದು ತಾಯಿಂದನ ಮಕ್ಕಳಿಗೆ ಬರತೈತಿ. ಮಗನಿಗೂ ಬರತೈತಿ, ಆದ್ರ ಆಂವ ಮುಂದ ಕೊಡೂದಿಲ್ಲ. ನನಗ ಇಬ್ಬರೂ ಗಂಡಮಕ್ಕಳು; ನನ್ನ ಎಳಿ ನನ್ನ ಮಕ್ಕಳಿಗೇ ಮುಗೀತು. ತಂಗಿಗೆ ಮಗಳದಾಳ, ಅದೊಂದು ಸಮಾಧಾನ.

ಐಸ್‌ಲ್ಯಾಂಡಿನ ಕತಿ ಕೇಳ್ರಿ. 870ರ ಸುಮಾರು ನಾರ್ವೆ ಕಡಿಯವರು ಹೋಗಿ ನೆಲಿಸಿದ ದ್ವೀಪ ಅದು. ಅವರ ಜೋಡಿ ಹೋದ ಹೆಂಗಸರಾಗ ಅರ್ಧಕ್ಕಿಂತ ಹೆಚ್ಚು ಸ್ಕಾಟ್‌ಲ್ಯಾಂಡ್, ಐರ್ಲೆಂಡಿನವರು. ಎಷ್ಟು ಮಂದಿ ಸೆರಿ ಸಿಕ್ಕು ಹೋದವರೋ ಪಾಪ!

2010ರಾಗ ಅಲ್ಲಿ 80ಕ್ಕೂ ಹೆಚ್ಚು ಮಂದಿಯೊಳಗ ‘ಸಿ1ಇ’ ಅನ್ನೋ ಎಳಿ ಐತಿ ಅಂತ ವಿಜ್ಞಾನಿಗಳು ಬರದ್ರು. ಇದರ ಅಕ್ಕತಂಗ್ಯಾರು ಸಿಗೋದು ಅಮೆರಿಕದ ಮೂಲನಿವಾಸಿಗಳಾಗ, ಪೂರ್ವ ಏಷ್ಯಾದಾಗ. ಆ ಮಂದಿ ವಂಶಾವಳಿ ಚಲೋ ಬರದಿಟ್ಟಾರ, ಹೆಣ್ಣುಮಕ್ಕಳದೂ. ಹಿಂದ ಹಿಂದ ಹುಡಿಕಿದ್ರ 18ನೇ ಶತಮಾನದ ನಾಲ್ಕು ಹೆಣ್ಣುಮಕ್ಕಳ ತನಕ ಹೋತು. ಅಂದ್ರ ಎಳಿ ಅದಕ್ಕೂ ಹಳೇದು. ವೈಕಿಂಗರು 1000ದ ಹೊತ್ತಿಗೆ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿದ್ರು. ಅಲ್ಲಿಂದ ಒಬ್ಬಾಕಿನ್ನ ಕರಕೊಂಡು ಬಂದ್ರೇನೋ ಅಂತ ಅಂದಾಜು ಮಾಡಿದ್ರು. ಆಮ್ಯಾಲೆ ರಷ್ಯಾದ 7,500 ವರ್ಷದ ಹಳೇ ಗೋರ್ಯಾಗ ಸಿ1ರದ ಇನ್ನೊಂದು ಟೊಂಗಿ ಸಿಕ್ತು. ಹಂಗಾದ್ರ ಯುರೋಪಿನಾಕಿನೂ ಇರಬಹುದು.

ನಮ್ಮ ಸ್ವಾದರಮಾವಗ ಎಂಬತ್ತರ ಮ್ಯಾಲಾತು. ಪಂಚಮಿಗೆ ಹೋದಾಗ ಅವನ ಅವ್ವನ ತಾಯಿ ಹೆಸರು ಕೇಳಿ ಬರಕೊಂಡು ಬರತೇನಿ.