ಟ್ಯೂಬಿಂಗನ್ ವಿಶ್ವವಿದ್ಯಾಲಯ ಮತ್ತು ಕನ್ನಡ: ಎರಡು ಗೌರವ ಪದವಿಗಳ ಹಿನ್ನೆಲೆ

ಮೈಸೂರಿನಲ್ಲಿ ಇಂದು ಅಗ್ರಹಾರವೆಂಬುದು ಒಂದು ಬಡಾವಣೆಯ, ಒಂದು ವೃತ್ತದ ಹೆಸರು. ಶಾಸನಗಳ ಕಾಲದಲ್ಲಿ ಈ ಪದಕ್ಕೆ ಇದ್ದ ಅರ್ಥ ಬೇರೆ. ವಿದ್ವಾಂಸರ ಜೀವನೋಪಾಯಕ್ಕೂ ಅಧ್ಯಯನ, ಅಧ್ಯಾಪನಗಳಿಗೂ ಒದಗಲೆಂದು ಅರಸರು ತೆರಿಗೆಯ ಹೊರೆ ಇಳಿಸಿ ಬಿಟ್ಟುಕೊಟ್ಟ ನೆಲೆಯನ್ನು ಅದು ಸೂಚಿಸುತ್ತಿತ್ತು. ವಿದ್ಯೆಗೆ ದತ್ತಿ ಬೇಕು. ಆದರೆ ದತ್ತಿ ಯಾರಿಗೆ ಸಲ್ಲಬೇಕೆಂದು ಗೊತ್ತುಮಾಡುವಾಗಲೇ ವಿದ್ವಾಂಸರು ಯಾರು, ಅಲ್ಲದವರು ಯಾರು ಎಂಬುದೂ ಗೊತ್ತಾಗಿಬಿಡುತ್ತದೆ. ಈ ಮಾತು ವಿಶ್ವವಿದ್ಯಾಲಯಗಳಿಗೂ ಅನ್ವಯಿಸುತ್ತದೆ. ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಹರ್ಮನ್ ಮೋಗ್ಲಿಂಗ್‌ಗೆ, 1896ರಲ್ಲಿ ಫರ್ಡಿನಾಂಡ್ ಕಿಟ್ಟೆಲ್‌ಗೆ ಗೌರವ ಡಾಕ್ಟರೇಟ್ ನೀಡಿದ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಇತಿಹಾಸವನ್ನು ಪ್ರಸ್ತುತ ಲೇಖನವು ಈ ದೃಷ್ಟಿಯಿಂದ ಪರಿಶೀಲಿಸುತ್ತದೆ.

ಟ್ಯೂಬಿಂಗನ್ ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದವನು ವ್ಯುರ್ಟೆಂಬರ್ಗ್‌ನ ಕೌಂಟ್ ಎಬರ್‌ಹಾರ್ಡ್. ಸಿಂಡೆಲ್‌ಫಿಂಗನ್ ಎಂಬ ಊರಿನ ಇಗರ್ಜಿಗೆ ಸಲ್ಲುತ್ತಿದ್ದ ದತ್ತಿಯ ಬಹುಭಾಗವನ್ನು ಟ್ಯೂಬಿಂಗನ್ನಿಗೆ ವರ್ಗಾಯಿಸಿ ಹೊಸ ಸಂಸ್ಥೆಗೆ ಆಧಾರ ಕಲ್ಪಿಸಲಾಯಿತು. ದೇವತಾಶಾಸ್ತ್ರ, ನ್ಯಾಯಶಾಸ್ತ್ರ, ವೈದ್ಯ ಮತ್ತು ಕಲೆ ಎಂಬ ನಾಲ್ಕು ನಿಕಾಯಗಳಿಂದ ಅದು ಆರಂಭವಾಯಿತು. ಮತಸುಧಾರಣೆಯ ತರುವಾಯ, 1536ರಲ್ಲಿ, ಬಡ ಪ್ರತಿಭಾವಂತರನ್ನು ಪಾದ್ರಿಗಳನ್ನಾಗಿ ತರಬೇತುಗೊಳಿಸಲು ‘ಷ್ಟಿಫ್ಟ್’ ಎಂಬ ವಿದ್ಯಾರ್ಥಿನಿಲಯ ಹುಟ್ಟಿಕೊಂಡಿತು. ಖಗೋಳಜ್ಞ ಕೆಪ್ಲರ್, ತತ್ತ್ವಜ್ಞಾನಿಗಳಾದ ಹೆಗೆಲ್ ಮತ್ತು ಶೆಲ್ಲಿಂಗ್, ಕವಿ ಹ್ಯೋಲ್ಡರ್ಲಿನ್ ಇಲ್ಲಿಯೇ ಓದಿದವರು. ಪಾದ್ರಿಗಳಿಗಾಗಿ ನಿರ್ಮಿಸಿದ ಮನೆಯಿಂದ ಪಾದ್ರಿಗಳಾಗದವರೂ ಹೊರಬಂದರು. 1863ರಲ್ಲಿ ಜರ್ಮನಿಯ ಮೊದಲ ಪ್ರತ್ಯೇಕ ನಿಸರ್ಗವಿಜ್ಞಾನ ನಿಕಾಯವೂ ಈ ವಿಶ್ವವಿದ್ಯಾಲಯದಲ್ಲಿಯೇ ಆರಂಭವಾಯಿತು.

ಕನ್ನಡದ ನಂಟು ಬೆಳೆದದ್ದು ಈ ಷ್ಟಿಫ್ಟ್‌ನ ಮೂಲಕ. 1830ರ ದಶಕದ ಆರಂಭದಲ್ಲಿ ಮೋಗ್ಲಿಂಗ್ ಮತ್ತು ಹರ್ಮನ್ ಗುಂಡರ್ಟ್ ಇಬ್ಬರೂ ಟ್ಯೂಬಿಂಗನ್ನಿನಲ್ಲಿದ್ದರು. ಧರ್ಮಗ್ರಂಥವನ್ನೂ ಕಾಲದೇಶಗಳಿಗೆ ಒಳಪಟ್ಟ ಪಠ್ಯವೆಂದು ಪರಿಶೀಲಿಸುವ ಐತಿಹಾಸಿಕ ವಿಮರ್ಶೆಯನ್ನು ಎಫ್. ಸಿ. ಬೌರ್ ಆಗ ಅಲ್ಲಿ ಬೋಧಿಸುತ್ತಿದ್ದನು. ಗುಂಡರ್ಟ್‌ನ ಗುರುವೂ ಆಗಿದ್ದ ಡೇವಿಡ್ ಫ್ರೀಡ್ರಿಖ್ ಷ್ಟ್ರೌಸ್ 1835ರಲ್ಲಿ ಪ್ರಕಟಿಸಿದ ಏಸುವಿನ ಚರಿತ್ರೆ ಅವನ ಹುದ್ದೆಗೇ ಎರವಾಯಿತು. ಶಿಷ್ಯರು ಆ ವಿಮರ್ಶೆಯ ನಿರ್ಣಯಗಳನ್ನು ಒಪ್ಪಲಿಲ್ಲ. ಭಕ್ತಿಮಾರ್ಗವನ್ನು ಹಿಡಿದು ಮಿಷನರಿಗಳಾದರು. ಆದರೂ ಹಸ್ತಪ್ರತಿಯನ್ನು ಹುಡುಕಿ, ಹೋಲಿಸಿ, ಅಚ್ಚಿಗೆ ಸಿದ್ಧಪಡಿಸುವ ಶ್ರದ್ಧೆಯಲ್ಲಿ ಆ ಶಿಕ್ಷಣದ ಗುರುತು ಉಳಿದಿತ್ತೆಂದು ತರ್ಕಿಸಬಹುದು. 1836ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಬಂದ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದನು. ಬಳಿಕ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಹೊರತಂದನು. 1858ರ ಪದವಿಯು ತನ್ನ ಹಳೆಯ ವಿದ್ಯಾರ್ಥಿಯ ಈ ಸೇವೆಗೆ ವಿಶ್ವವಿದ್ಯಾಲಯವು ಸಲ್ಲಿಸಿದ ಮನ್ನಣೆ.

ಅದೇ ಕಾಲದಲ್ಲಿ ಟ್ಯೂಬಿಂಗನ್ ಸಂಸ್ಕೃತಾಧ್ಯಯನದ ಪ್ರಮುಖ ಕೇಂದ್ರವಾಗಿ ಬೆಳೆಯುತ್ತಿತ್ತು. ರುಡಾಲ್ಫ್ ರೋಟ್ 1856ರಲ್ಲಿ ಅಲ್ಲಿ ಪೂರ್ಣ ಪ್ರಾಧ್ಯಾಪಕನಾದನು. ಓಟೊ ಬ್ಯೋಟ್‌ಲಿಂಕ್‌ನೊಡನೆ ಅವನು ಸಿದ್ಧಪಡಿಸಿದ ಏಳು ಸಂಪುಟಗಳ ಪೀಟರ್ಸ್‌ಬರ್ಗ್ ಸಂಸ್ಕೃತ ನಿಘಂಟು 1855ರಿಂದ 1875ರವರೆಗೆ ಪ್ರಕಟವಾಯಿತು. ವೇದದ ಪದದ ಅರ್ಥವನ್ನು ಸಾಯಣಾದಿ ಭಾಷ್ಯಕಾರರ ಮಾತನ್ನೇ ನೆಚ್ಚಿ ನಿರ್ಣಯಿಸದೆ, ಆ ಪದವು ಬಂದಿರುವ ಎಲ್ಲ ಪ್ರಯೋಗಗಳನ್ನು ಹೋಲಿಸಿ ನಿರ್ಣಯಿಸಬೇಕೆಂಬುದು ರೋಟ್‌ನ ನಿಲುವು. ನಿಘಂಟುರಚನೆಗೆ ಇದು ಹೊಸ ದಾರಿಯನ್ನು ತೆರೆಯಿತು. ಜೊತೆಗೆ ದೇಶೀಯ ವಿದ್ವತ್ಪರಂಪರೆಯ ಅಧಿಕಾರವನ್ನೂ ಕುಗ್ಗಿಸಿತು.

ಕಿಟ್ಟೆಲ್ ಈ ಪರಂಪರೆಯ ಒಳಗಿನವನಲ್ಲ. ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡ್‌ನಲ್ಲಿ 1832ರಲ್ಲಿ ಹುಟ್ಟಿದ ಅವನು ಓದಿದ್ದು ಬಾಸೆಲ್ಲಿನ ಮಿಷನ್ ವಿದ್ಯಾಲಯದಲ್ಲಿ, ವಿಶ್ವವಿದ್ಯಾಲಯದಲ್ಲಲ್ಲ. 1853ರಲ್ಲಿ ಕರ್ನಾಟಕಕ್ಕೆ ಬಂದ ಅವನು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ಕನ್ನಡ–ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳನ್ನು ಒಳಗೊಂಡಿದೆ. ರೋಟ್‌ನಂತೆ ಕಿಟ್ಟೆಲ್ ಕೂಡ ಪ್ರಯೋಗಗಳನ್ನು ಉದಾಹರಿಸಿದನು. ಆದರೆ ಅವನ ಮುಂದೆ ಗ್ರಂಥಗಳಷ್ಟೇ ಅಲ್ಲ, ಮಾತನಾಡುವ ಜನರೂ ಇದ್ದರು. ಹಳಗನ್ನಡ ಕಾವ್ಯದ ಪ್ರಯೋಗ, ದೇಶೀಯ ವೈಯಾಕರಣರ ಸೂತ್ರ, ಗಾದೆ, ಆಡುಮಾತು ಇವೆಲ್ಲವೂ ಒಂದೇ ಪುಟದಲ್ಲಿ ಸಾಕ್ಷ್ಯಗಳಾಗಿ ನಿಂತವು. ಕೇಶಿರಾಜನನ್ನು ಅವನು ಬದಿಗಿಡಲಿಲ್ಲ. ಅವನ ಮೂಲಕವೇ ಭಾಷೆಯನ್ನು ಅರಿತನು. ಸಂಸ್ಕೃತ ಕೋಶಗಳಲ್ಲಿ ಸೇರಿಹೋಗಿರುವ ದ್ರಾವಿಡ ಪದಗಳನ್ನು ನಿಘಂಟಿನ ಪೀಠಿಕೆಯಲ್ಲಿ ಪಟ್ಟಿಮಾಡಿ, ಕೊಡುಕೊಳೆ ಒಮ್ಮುಖವಾಗಿರಲಿಲ್ಲವೆಂದು ತೋರಿಸಿದನು. ಸಂಸ್ಕೃತವನ್ನೇ ಕೇಂದ್ರದಲ್ಲಿರಿಸಿಕೊಂಡಿದ್ದ ಯುರೋಪಿನ ಭಾರತಾಧ್ಯಯನಕ್ಕೆ ಇದು ಮಹತ್ವದ ತಿದ್ದುಪಡಿಯಾಗಿತ್ತು. 1896ರಲ್ಲಿ ಟ್ಯೂಬಿಂಗನ್ ಗೌರವಿಸಿದ್ದು ತನ್ನ ವಿದ್ಯಾರ್ಥಿಯಲ್ಲದ, ತನ್ನಲ್ಲಿ ಬೋಧನೆಗೇ ಇರದ ಭಾಷೆಯ ವಿದ್ವಾಂಸನನ್ನು. ಕಿಟ್ಟೆಲ್ ತನ್ನ ಕೊನೆಯ ವರ್ಷಗಳನ್ನು ಆ ಊರಿನಲ್ಲಿಯೇ ಕಳೆದು 1903ರಲ್ಲಿ ನಿಧನನಾದನು.

ವಿಶ್ವವಿದ್ಯಾಲಯದ ಬಾಗಿಲು ಹೊರಗಿನ ವಿದ್ವತ್ತಿಗೆ ತೆರೆಯಬಲ್ಲುದು ಎಂಬುದಕ್ಕೆ ಈ ಪದವಿ ನಿದರ್ಶನ. ಆದರೆ ಆ ಬಾಗಿಲಿನಿಂದ ಒಳಹೋದವನು ಒಬ್ಬನೇ. ಪದಗಳ ಅರ್ಥವನ್ನು ಹೇಳಿಕೊಟ್ಟ ಪಂಡಿತರು, ಹಸ್ತಪ್ರತಿಗಳನ್ನು ಒದಗಿಸಿದ ಮನೆತನಗಳು, ತಮ್ಮ ಮಾತನ್ನೇ ಸಾಕ್ಷ್ಯವಾಗಿ ನೀಡಿದ ಸಾಮಾನ್ಯರು ಪದವಿಪತ್ರದ ಹೊರಗೆ ಉಳಿದರು. ಗೌರವಿಸುವ ಅಧಿಕಾರವುಳ್ಳ ಸಂಸ್ಥೆಗೆ ಹೊರಗಿಡುವ ಅಧಿಕಾರವೂ ಇರುತ್ತದೆ. ಇದರ ಕ್ರೂರ ರೂಪವನ್ನು ಟ್ಯೂಬಿಂಗನ್ ಇಪ್ಪತ್ತನೆಯ ಶತಮಾನದಲ್ಲಿ ಕಂಡಿತು. ಯಹೂದಿ ವಿದ್ವಾಂಸರನ್ನು ಮೊದಲೇ ದೂರವಿರಿಸಿದ್ದರಿಂದ 1933ರಲ್ಲಿ ಅಲ್ಲಿ ವಜಾಗೊಳಿಸಬೇಕಾದವರ ಸಂಖ್ಯೆಯೇ ಅತ್ಯಲ್ಪವಾಗಿತ್ತು. ಬಾಸೆಲ್ ಮಿಷನ್ನಿನಿಂದಲೇ ಭಾರತಕ್ಕೆ ಬಂದು ಹೋಗಿ, ಮುಂದೆ ಟ್ಯೂಬಿಂಗನ್ನಿನಲ್ಲಿ ಭಾರತಾಧ್ಯಯನದ ಪ್ರಾಧ್ಯಾಪಕನಾದ ಜೆ. ಡಬ್ಲ್ಯು. ಹೌವರ್ ತನ್ನ ವಿದ್ವತ್ತನ್ನು ನಾಜಿ ಸಿದ್ಧಾಂತದ ಸೇವೆಗೆ ಒಪ್ಪಿಸಿದನು. ಪರಭಾಷೆಯ ಜ್ಞಾನವು ತಾನಾಗಿ ಔದಾರ್ಯವನ್ನು ತಂದುಕೊಡುವುದಿಲ್ಲ.

ಈಚಿನ ವರ್ಷಗಳಲ್ಲಿ ಟ್ಯೂಬಿಂಗನ್ ತನ್ನ ದ್ರಾವಿಡ ಸಂಬಂಧವನ್ನು ಮತ್ತೆ ನೆನೆದಿದೆ. 2015ರಲ್ಲಿ ಮಲಯಾಳಂ ಅಧ್ಯಯನಕ್ಕಾಗಿ ಗುಂಡರ್ಟ್ ಹೆಸರಿನ ಪೀಠ ಅಲ್ಲಿ ಆರಂಭವಾಯಿತು. 2018ರಲ್ಲಿ ಗುಂಡರ್ಟ್‌ನ ಸಂಗ್ರಹವು ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ದೊರೆಯಿತು. ಈ ನೆನಹು ಕೂಡ ಹೆಸರು ಉಳಿದವರ ಸುತ್ತಲೇ ಕಟ್ಟಲ್ಪಟ್ಟಿದೆ ಎಂಬುದನ್ನು ಗಮನಿಸಬೇಕು.

ಆದರೆ ಈ ಪ್ರಶ್ನೆಯನ್ನು ಟ್ಯೂಬಿಂಗನ್ನಿಗೆ ಮಾತ್ರ ಕೇಳಿ ಮುಗಿಸುವುದು ನ್ಯಾಯವಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನವೂ ಸ್ಥಾಪನೆಯಾದ ಈ ನಗರದಲ್ಲಿ ಭಾಷಾವಿಜ್ಞಾನವು ಈಗ ನಮ್ಮದೇ ಶಿಸ್ತು. ಆದರೂ ಕ್ಷೇತ್ರಕಾರ್ಯದ ಲೇಖನಗಳಲ್ಲಿ ನಾವು ಭಾಷಿಕರನ್ನು ಇಂದಿಗೂ ‘ಮಾಹಿತಿದಾರ’ರೆಂದೇ ಕರೆದು, ವಯಸ್ಸು ಮತ್ತು ಊರನ್ನು ನಮೂದಿಸಿ ಮುಂದೆ ಸಾಗುತ್ತೇವೆ. ಗುರುತನ್ನು ಮರೆಮಾಡಬೇಕಾದ ಸಂದರ್ಭಗಳಿವೆ, ನಿಜ. ಆದರೆ ಎಷ್ಟೋ ಬಾರಿ ಅದು ವಿವೇಕವಲ್ಲ, ರೂಢಿ. ಸೋಲಿಗನುಡಿಯ ಒಂದು ಕ್ರಿಯಾರೂಪವನ್ನು ನಮಗೆ ವಿವರಿಸಿ ತಿಳಿಸಿದ ವ್ಯಕ್ತಿಯು ದತ್ತಾಂಶದ ಮೂಲವಷ್ಟೇ ಅಲ್ಲ, ಆ ವಿಶ್ಲೇಷಣೆಯ ಪಾಲುದಾರನೂ ಹೌದು. ಅವರು ಒಪ್ಪಿದರೆ ಅವರ ಹೆಸರು ಲೇಖಕರ ಸಾಲಿನಲ್ಲಿ ಬರಬೇಕು. ವಿಶ್ವವಿದ್ಯಾಲಯದೊಳಗೆ ಓದದವನನ್ನು ಡಾಕ್ಟರ್ ಎಂದು ಕರೆಯಲು ಟ್ಯೂಬಿಂಗನ್ನಿಗೆ 1896ರಲ್ಲಿ ಸಾಧ್ಯವಾಯಿತು. ಅದು ಇಟ್ಟ ಹೆಜ್ಜೆಯ ಮುಂದಿನ ಹೆಜ್ಜೆಯನ್ನು ಇಡಬೇಕಾದವರು ನಾವು.