ನಾತ್ಸುಮೆ ಸೋಸೆಕಿ

ವಿಶ್ವವಿದ್ಯಾನಿಲಯದ ಅಧ್ಯಾಪಕನೊಬ್ಬನು ಹುದ್ದೆಯನ್ನು ತೊರೆದು ವೃತ್ತಪತ್ರಿಕೆಯನ್ನು ಸೇರಿದನೆಂದರೆ ನಾವಾದರೂ ಬೆರಗಾಗುವೆವು. 1907ರಲ್ಲಿ ಟೋಕಿಯೋ ನಗರವು ಬೆರಗಾದುದು ಕಾದಂಬರಿಕಾರ ಸೋಸೆಕಿಯ ವಿಷಯದಲ್ಲಿ. 1867ರಲ್ಲಿ ಜನಿಸಿ, ಬೇಡದ ಕೂಸಾಗಿ ದತ್ತು ಹೋಗಿ, ಮನೆಗೆ ಮರಳಿದ ಮೇಲೆ ಹೆತ್ತವರನ್ನೇ ಅಜ್ಜ ಅಜ್ಜಿಯರೆಂದು ನಂಬಿದ್ದವನು ಆತನು. ಇರುಳಿನಲ್ಲಿ ನಿಜವನ್ನು ಪಿಸುಗುಟ್ಟಿದವಳು ಮನೆಗೆಲಸದವಳು. ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಲೇ, 1905ರಲ್ಲಿ ಬೆಕ್ಕೊಂದರ ಬಾಯಿಂದ ಮನುಷ್ಯರನ್ನು ಅಣಕಿಸಿ ಹೆಸರಾದನು. ವಿಶ್ವವಿದ್ಯಾನಿಲಯವು ವರ್ಷಕ್ಕೆ ಕೊಡುತ್ತಿದ್ದುದು 800 ಯೆನ್. ಅಸಾಹಿ ಪತ್ರಿಕೆಯು ತಿಂಗಳಿಗೇ 200 ಕೊಟ್ಟಿತು. ಮಕ್ಕಳೊಂದಿಗನಾದ ಆತನು ತನ್ನ ಅಡಚಣೆಯನ್ನು ಮರೆಮಾಚಲಿಲ್ಲ. ಪತ್ರಿಕೆಯು ವ್ಯಾಪಾರವಾದರೆ ವಿದ್ಯಾಪೀಠವೂ ವ್ಯಾಪಾರವೇ ಎಂದನು. ಹಣಕ್ಕೆ ಸೋತನೆನ್ನೋಣವೆ? 1911ರಲ್ಲಿ ಸರ್ಕಾರವು ತಾನಾಗಿ ಕೊಟ್ಟ ಡಾಕ್ಟರ್ ಪದವಿಯನ್ನು ಒಲ್ಲೆನೆಂದವನೂ ಆತನೇ. ಸರ್ಕಾರವು ಹಿಂತೆಗೆಯಲಿಲ್ಲ, ಆತನು ಮುಟ್ಟಲಿಲ್ಲ. 'ಕೊಕೊರೊ' ಆ ಪತ್ರಿಕೆಯಲ್ಲಿಯೇ ದಿನದಿನವೂ ಬಂದಿತು. 1916ರ ಡಿಸೆಂಬರಿನಲ್ಲಿ ಆತನು ತೀರಿಕೊಂಡಾಗ 'ಮೇಯಾನ್' ಎಂಬ ಕಾದಂಬರಿಯು ಅರ್ಧದಲ್ಲಿ ನಿಂತಿತ್ತು.